ಕೆಲಸಕ್ಕೆ ಮನಸ್ಸಿಲ್ಲ ಅನ್ನೋದನ್ನ ಪೋರ್ಚುಗೀಸಿನಲ್ಲಿ ಹೇಳೋದು

ಪೋರ್ಚುಗೀಸ್ ಕಲಿಸುವ ಪುಸ್ತಕಗಳಲ್ಲಿ ಆಫೀಸಿನ ಬಗ್ಗೆ ಒಂದು ಪಾಠ ಇದ್ದೇ ಇರುತ್ತದೆ. ಆ ಪಾಠದಲ್ಲಿ ಎಲ್ಲರೂ ಖುಷಿಯಾಗಿರುತ್ತಾರೆ. "ಎಸ್ತೋ ಮುಂಯ್ತು ಮೊಚಿವಾದು" ಅನ್ನುತ್ತಾನೆ ಒಬ್ಬ. ನಾನು ಭಾರಿ ಉಮೇದಿನಲ್ಲಿದ್ದೇನೆ ಅಂತ. ನನಗೆ ಸವಾಲುಗಳಂದ್ರೆ ಇಷ್ಟ ಅನ್ನುತ್ತಾಳೆ ಪಕ್ಕದವಳು. ಇಂಟರ್‌ವ್ಯೂಗೆ ಹೋಗುವವರಿಗೆ ಇಷ್ಟು ಸಾಕು. ಕೆಲಸ ಸಿಕ್ಕಿ, ದಿನಾ ಅದೇ ಜನರ ಜೊತೆ ದುಡಿಯುವವರಿಗೆ ಸಾಲದು. ಅಲ್ಲಿ ಬೇಕಾಗುವುದು ಬೇಜಾರಿನ ಮಾತುಗಳು. ಉಮೇದು ಇದ್ದಾಗ ಯಾರೂ ಅದರ ಬಗ್ಗೆ ಮಾತಾಡಲ್ಲ, ಕೆಲಸ ಮಾಡ್ತಾರೆ. ಅದು ಹೋದಾಗಲೇ ಮಾತು ಬೇಕಾಗೋದು.

ನಾನು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕಸ್ಟಮರ್ ಸಪೋರ್ಟ್ ತಂಡದ ಲೀಡ್. ತಂಡದ ಅರ್ಧದಷ್ಟು ಜನ ಬ್ರೆಜಿಲ್‌ನ ಕಂಪೀನಸ್‌ನಲ್ಲಿದ್ದಾರೆ. ಸಾವ್ ಪಾವ್ಲು ರಾಜ್ಯದ ದೊಡ್ಡ ಊರುಗಳಲ್ಲಿ ಅದೂ ಒಂದು. ಅವರಿಗೂ ನನಗೂ ನಡುವೆ ಎಂಟೂವರೆ ಗಂಟೆ. ಅವರು ಬೆಳಿಗ್ಗೆ 9ಕ್ಕೆ ಲಾಗಿನ್ ಆಗುವಾಗ ನನಗೆ ಸಂಜೆ 5.30. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಬ್ರೆಜಿಲ್ 2019ರಲ್ಲಿ ಬಿಟ್ಟಿತು. ಹಾಗಾಗಿ ಈ ಲೆಕ್ಕ ವರ್ಷವಿಡೀ ಒಂದೇ. ಅವರ ಹುರುಪು ಶುರುವಾಗುವ ಹೊತ್ತಿಗೆ ನನ್ನದು ಮುಗಿದಿರುತ್ತದೆ. ಮೋಟಿವೇಷನ್ ಬಗ್ಗೆ ಮಾತಾಡೋಕೆ ಇದಕ್ಕಿಂತ ಕೆಟ್ಟ ಹೊತ್ತು ಇಲ್ಲ.

ನಮ್ಮ ಮೀಟಿಂಗ್ ಎಲ್ಲ ಇಂಗ್ಲಿಷಿನಲ್ಲಿ. ಒಬ್ಬೊಬ್ಬರ ಜೊತೆ ಬೇರೆ ಬೇರೆಯಾಗಿ ಮಾತಾಡುವ ಮೀಟಿಂಗೂ ಹಾಗೇ. "ಹೇಗಿದೆ ಕೆಲಸ?" ಅಂತ ಕೇಳಿದರೆ "ಆಲ್ ಗುಡ್" ಅನ್ನುವ ಉತ್ತರ. ಮುಂದಿನ ಸಲವೂ "ಆಲ್ ಗುಡ್". ಎರಡನೇ ಭಾಷೆಯಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ನಾನೂ ನನ್ನ ಮ್ಯಾನೇಜರ್‌ಗೆ ಇಂಗ್ಲಿಷಿನಲ್ಲಿ ಅದನ್ನೇ ಹೇಳುತ್ತೇನೆ. ನಾನು ಪೋರ್ಚುಗೀಸ್ ಕಲಿಯಲು ಶುರು ಮಾಡಿದ್ದು ಈ "ಆಲ್ ಗುಡ್" ದಾಟಿ ಆಚೆ ಹೋಗಲಿಕ್ಕೆ. ಊಟ ಆರ್ಡರ್ ಮಾಡಲಿಕ್ಕೆ, ದಾರಿ ಕೇಳಲಿಕ್ಕೆ ನನಗೆ ಈಗಲೂ ಸರಿಯಾಗಿ ಬರುವುದಿಲ್ಲ.

ಬರೆಯುವ ಬಗ್ಗೆ ಒಂದು ಮಾತು. ನಾನು ಇಲ್ಲಿ ಬ್ರೆಜಿಲ್‌ನವರ ಉಚ್ಚಾರವನ್ನೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರ ಬಾಯಲ್ಲಿ ಹೆಚ್ಚಿನ ಕಡೆ 'ತಿ' ಅನ್ನುವುದು 'ಚಿ' ಆಗುತ್ತದೆ, 'ದಿ' ಅನ್ನುವುದು 'ಜಿ' ಆಗುತ್ತದೆ. ಪದದ ಮೊದಲಲ್ಲಿ ಬರುವ ರ ಮತ್ತು ಒತ್ತಿ ಬರೆದ ಎರಡು ರ ಎರಡೂ 'ಹ'ದ ಹಾಗೆ ಕೇಳುತ್ತವೆ. ಹೊರಗಿನ ಭಾಷೆಯಿಂದ ಬಂದ ಪದದ ಕೊನೆಯಲ್ಲಿ ವ್ಯಂಜನ ನಿಂತರೆ ಹೆಚ್ಚಿನ ಸಲ ಅವರಿಗೆ ತಡೆಯಲ್ಲ, ಒಂದು 'ಇ' ಸೇರಿಸುತ್ತಾರೆ. ನಾವು 'ಉ' ಸೇರಿಸಿ ಆಫೀಸು ಅಂದ ಹಾಗೆ ಅವರು ಓಫಿಸಿ ಅನ್ನುತ್ತಾರೆ. ಮನೆಯಿಂದ ಕೆಲಸ ಮಾಡುವುದಕ್ಕೆ ಅಲ್ಲಿ "ಹೋಮಿ ಓಫಿಸಿ" ಅಂತಲೇ ಹೆಸರು. ಮೊದಲ ಸಲ ಕೇಳಿದಾಗ ನನಗೆ ತುಂಬಾ ಆಪ್ತ ಅನ್ನಿಸಿತು.

ಮೊದಲು "ತೂದು ಬೇಂ?" ಅಂತ ಕೇಳಿದಾಗ ಬರುವ ಉತ್ತರಗಳನ್ನು ನೋಡೋಣ. ಎಲ್ಲ ಚೆನ್ನಾಗಿದೆಯಾ ಅಂತ ಅದರ ಅರ್ಥ. "ತೂದು ಬೇಂ" ಅಂತಲೇ ತಿರುಗಿ ಹೇಳಿದರೆ ಅದರಲ್ಲಿ ಸುದ್ದಿ ಏನೂ ಇಲ್ಲ. "ತಾ ಕೊಹೀದು" ಅಂದರೆ ಓಡಾಟ ಜಾಸ್ತಿ, ಉಸಿರಾಡಲು ಬಿಡುವಿಲ್ಲ. ಇದರಲ್ಲಿ ಸ್ವಲ್ಪ ಹೆಮ್ಮೆಯೂ ಸೇರಿರಬಹುದು. ಕೈತುಂಬ ಕೆಲಸ ಇರುವವರ ಮಾತು. "ತಾ ಪುಶಾದು" ಅಂದರೆ ಹೆಮ್ಮೆ ಹೋಯಿತು, ಭಾರ ಮಾತ್ರ ಉಳಿಯಿತು ಅಂತ. ಪುಶಾರ್ ಅಂದರೆ ಎಳೆಯುವುದು. ಇಂಗ್ಲಿಷ್ ಬಲ್ಲವರು ಬ್ರೆಜಿಲ್‌ನ ಬಾಗಿಲುಗಳ ಮೇಲೆ "ಪೂಶಿ" ಅನ್ನುವ ಬರಹ ನೋಡಿ ತಳ್ಳುತ್ತಾರೆ, ಅದು ಎಳೆಯುವ ಬಾಗಿಲು. ಕೆಲಸ "ಪುಶಾದು" ಆಗಿದೆ ಅಂದರೆ ನಮ್ಮನ್ನು ಎಳೆದೂ ಎಳೆದೂ ಹಾಕಿದೆ ಅಂತ ನಾನು ನೆನಪಿಟ್ಟುಕೊಂಡಿದ್ದೇನೆ.

ಇದಕ್ಕೂ ಕೆಳಗೆ ಇನ್ನೊಂದು ಮೆಟ್ಟಿಲಿದೆ. "ವೋ ಲೆವಾಂದು." ಹೇಗೋ ಹೊತ್ತುಕೊಂಡು ಹೋಗ್ತಿದೀನಿ ಅಂತ. ಕನ್ನಡದಲ್ಲಿ "ಏನೋ ನಡೀತಿದೆ" ಅನ್ನುತ್ತೀವಲ್ಲ, ಅದೇ ದನಿ, ಅದೇ ನಗು. ದೂರು ಹೇಳಿದ ಹಾಗಿಲ್ಲ, ಹೇಳದ ಹಾಗೂ ಇಲ್ಲ. ನನ್ನ ಅನುಭವದಲ್ಲಿ ಗಮನ ಕೊಡಬೇಕಾದ್ದು ಇದಕ್ಕೇ. "ತಾ ಪುಶಾದು" ಅನ್ನುವವನು ಇನ್ನೂ ಎಳೆಯುತ್ತಿದ್ದಾನೆ. "ವೋ ಲೆವಾಂದು" ಅನ್ನುವವನ ಮನಸ್ಸು ಕೆಲಸದಿಂದ ಸ್ವಲ್ಪ ಆಚೆ ಹೋಗಿದೆ.

ಕಂಪೀನಸ್‌ನ ನನ್ನ ತಂಡದ ಒಬ್ಬ ಹುಡುಗಿ ಒಂದು ಸಂಜೆ ಹೀಗೇ ಅಂದಳು. ನನಗೆ ಸಂಜೆ, ಅವಳಿಗೆ ಬೆಳಿಗ್ಗೆ. ನಾನು "ತೂದು ಬೇಂ?" ಅಂತ ಕೇಳಿದೆ, "ವೋ ಲೆವಾಂದು, ನೇ" ಅಂದಳು. ಕೊನೆಯ 'ನೇ' ನಮ್ಮ 'ಅಲ್ವಾ' ಇದ್ದ ಹಾಗೆ. ಹಿಂದಾಗಿದ್ದರೆ ನಾನು ಇಂಗ್ಲಿಷಿಗೆ ಹಾರಿ ಟಿಕೆಟ್‌ಗಳ, ಅಂದರೆ ಗ್ರಾಹಕರಿಂದ ಬಂದ ದೂರುಗಳ, ಲೆಕ್ಕಕ್ಕೆ ಹೋಗುತ್ತಿದ್ದೆ. ಆವತ್ತು ನನ್ನ ಬಳಿ ಒಂದು ಪ್ರಶ್ನೆ ಇತ್ತು. ಟೀಚರ್ ಹಿಂದಿನ ವಾರವಷ್ಟೇ ಹೇಳಿಕೊಟ್ಟದ್ದು. "ಉ ಕಿ ತಾ ಪೆಜ಼ಾಂದು?" ಏನು ಭಾರ ಆಗ್ತಿದೆ?

ಈ ಪ್ರಶ್ನೆಗೆ ಯಾಕಿಷ್ಟು ಬೆಲೆ ಕೊಡುತ್ತೇನೆ ಅಂದರೆ, ಪುಸ್ತಕ ಓದಿ ಬಂದವರು ಕೇಳುವುದು "ಪೋರ್ ಕೆ ವೊಸೇ ತಾ ದೆಜ಼್‌ಮೊಚಿವಾದ?" ಅಂತ. ನಿನಗೆ ಯಾಕೆ ಉಮೇದಿಲ್ಲ? ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ 'ಯಾಕೆ' ಅಂದ ಕೂಡಲೇ ಎದುರಿನವರು ವಿವರಣೆ ಕೊಡಬೇಕು. ತಪ್ಪು ಮಾಡಿದವರ ಹಾಗೆ. ಕನ್ನಡದಲ್ಲೂ ಹಾಗೇ ತಾನೇ? "ಯಾಕೆ ಸಪ್ಪಗಿದೀಯ?" ಅಂತ ಬಾಸ್ ಕೇಳಿದರೆ "ಏನಿಲ್ಲ ಸಾರ್" ಅಂತ ತಕ್ಷಣ ನೆಟ್ಟಗಾಗುತ್ತೇವೆ. 'ಏನು' ಅಂತ ಕೇಳಿದರೆ ಬೆರಳು ಆ ವ್ಯಕ್ತಿಯಿಂದ ಕೆಲಸದ ಕಡೆ ತಿರುಗುತ್ತದೆ. "ಏನು ಭಾರ?" ಅಂದರೆ ಭಾರ ಹೊರಗಿದೆ ಅಂತ ಒಪ್ಪಿಕೊಂಡೇ ಕೇಳಿದ ಹಾಗೆ.

ಅವಳು ಸ್ವಲ್ಪ ಸುಮ್ಮನಿದ್ದು ಪೋರ್ಚುಗೀಸಿನಲ್ಲೇ ಹೇಳಿದಳು. ನಿಧಾನಕ್ಕೆ, ನನಗೆ ಅರ್ಥವಾಗುವ ಹಾಗೆ. ಬಂದದ್ದೆಲ್ಲ ಪಾಸ್‌ವರ್ಡ್ ಬದಲಿಸುವ ಶಮಾದುಗಳೇ. (ಸಪೋರ್ಟ್ ಟಿಕೆಟ್‌ಗೆ ಅಲ್ಲಿ ಶಮಾದು ಅನ್ನುತ್ತಾರೆ. ಕರೆದದ್ದು ಅಂತ.) ಬೆಳಿಗ್ಗೆಯಿಂದ ಸಂಜೆವರೆಗೆ ಅದೇ ಶಮಾದು, ಅದೇ ಉತ್ತರ. "ಮಿ ಸಿಂತು ಎಸ್ತಗ್ನಾದ" ಅಂದಳು. ನಿಂತ ನೀರಾಗಿಬಿಟ್ಟಿದೀನಿ ಅನ್ನಿಸ್ತಿದೆ ಅಂತ. ಆಮೇಲೆ ಇನ್ನೊಂದು: "ನಾಂವ್ ಮಿ ಸಿಂತು ವಲೊರಿಜ಼ಾದ." ನನಗಿಲ್ಲಿ ಬೆಲೆ ಇದೆ ಅನ್ನಿಸ್ತಿಲ್ಲ. ಇಂಗ್ಲಿಷಿನಲ್ಲಿ ಅವಳು ಅಷ್ಟು ದಿನ "ಆಲ್ ಗುಡ್" ಅಂದದ್ದು ಸುಳ್ಳಂತಲ್ಲ. ಅದಕ್ಕಿಂತ ಜಾಸ್ತಿ ಹೇಳುವಂತೆ ಆ ಭಾಷೆಯಲ್ಲಿ ಯಾರೂ ಅವಳನ್ನು ಕೇಳಿರಲಿಲ್ಲ.

ಮುಂದಿನದು ಸರಳ. ಹಂಚಿಕೆಯ ನಿಯಮ ಬದಲಾಯಿಸಿದೆವು. ಪಾಸ್‌ವರ್ಡ್ ಶಮಾದು ಎಲ್ಲರಿಗೂ ಸರದಿಯಲ್ಲಿ ಹೋಗುವಂತಾಯಿತು. ಡೇಟಾಬೇಸ್ ಕಡೆಯ ಕಷ್ಟದ ಕೆಲಸ ಅವಳಿಗೂ ಸಿಕ್ಕಿತು. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ಭಾಷೆಗೆ ಬರುತ್ತೇನೆ.

ಅವಳು ಅಂದ ಮಾತುಗಳಲ್ಲಿ ಎಲ್ಲ ಕಡೆ ಕೊನೆಗೆ 'ದ' ಇತ್ತು, ಗಮನಿಸಿದಿರಾ? ಎಸ್ತಗ್ನಾದ, ವಲೊರಿಜ಼ಾದ. ಗಂಡಸು ಹೇಳಿದರೆ ಎಸ್ತಗ್ನಾದು, ವಲೊರಿಜ಼ಾದು. ಕನ್ನಡದಲ್ಲಿ "ನಾನು ಸೋತೆ" ಅಂದರೆ ಹೇಳಿದ್ದು ಹೆಣ್ಣೋ ಗಂಡೋ ಗೊತ್ತಾಗಲ್ಲ. ಪೋರ್ಚುಗೀಸಿನಲ್ಲಿ ತನ್ನ ಬಗ್ಗೆ ಮಾತಾಡುವಾಗಲೂ ಹೇಳಲೇಬೇಕು. ಪಾಠದ ಆಡಿಯೋಗಳಲ್ಲಿ ಗಂಡಸರ ದನಿಯೇ ಜಾಸ್ತಿ ಇದ್ದರೆ ಹೆಣ್ಣುಮಕ್ಕಳ ನಾಲಿಗೆಯಲ್ಲೂ 'ಮೊಚಿವಾದು' ಕೂತುಬಿಡುತ್ತದೆ. ನಾನು ನನಗಾಗಿ ಬರೆದುಕೊಂಡ ಎಲ್ಲ ವಾಕ್ಯಗಳನ್ನೂ 'ದ'ದಲ್ಲೇ ಬರೆದುಕೊಂಡೆ. ಹೆಂಗಸರಿಗೆ ನನ್ನ ಸಲಹೆಯೂ ಅದೇ. ಪುಸ್ತಕದಿಂದ ನಕಲು ಮಾಡುವಾಗಲೇ ತಿದ್ದಿಕೊಳ್ಳಿ.

ಇನ್ನೊಂದು ತೊಡಕು 'ಇರು' ಅನ್ನುವುದಕ್ಕೆ ಎರಡು ಕ್ರಿಯಾಪದ ಇರುವುದು. "ಸೋ ಮೊಚಿವಾದ" ಅಂದರೆ ನನ್ನ ಸ್ವಭಾವವೇ ಹಾಗೆ. "ತೋ ಮೊಚಿವಾದ" ಅಂದರೆ ಸದ್ಯಕ್ಕೆ ಹಾಗಿದ್ದೇನೆ. (ಎಸ್ತೋ ಅನ್ನುವುದೇ ಮಾತಿನಲ್ಲಿ ತೋ.) ಇದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅವು ಹೇಳದೆ ಬಿಡುವುದು ಮೂರನೆಯದನ್ನು. "ಆಂದು ಮೇಯು ದೆಜ಼ನಿಮಾದ." ಆಂದಾರ್ ಅಂದರೆ ನಡೆಯುವುದು. ಆದರೆ ಇಲ್ಲಿ ನಡಿಗೆ ಏನಿಲ್ಲ. ಇತ್ತೀಚೆಗೆ ಯಾಕೋ ಮನಸ್ಸು ಸ್ವಲ್ಪ ಕುಗ್ಗಿದೆ ಅಂತ ಅರ್ಥ. ಇವತ್ತಿನ ಬೇಜಾರೂ ಅಲ್ಲ, ಹುಟ್ಟುಗುಣವೂ ಅಲ್ಲ, ಕೆಲವು ದಿನಗಳಿಂದ ಹಿಡಿದುಕೊಂಡದ್ದು. ಕೆಲಸದ ಬೇಸರ ನೂರಕ್ಕೆ ತೊಂಬತ್ತು ಇದೇ ಜಾತಿಯದು. ಒಂದೇ ವಾಕ್ಯ ಕಲಿಯುವುದಿದ್ದರೆ ಇದನ್ನು ಕಲಿಯಿರಿ ಅನ್ನುತ್ತೇನೆ. ನಡುವಿನ 'ಮೇಯು' ಅಂದರೆ ಅರ್ಧ. ಹೆಣ್ಣಾಗಲಿ ಗಂಡಾಗಲಿ ಹೇಳಲಿ, ಅದು ಮೇಯು ಆಗಿಯೇ ಉಳಿಯುತ್ತದೆ.

ಕನ್ನಡಿಗರಿಗೆ ಸಲೀಸಾಗುವ ಭಾಗ ಒಂದಿದೆ. ನಾವು "ನನಗೆ ಸೋಮಾರಿತನ ಬಂದಿದೆ", "ನನಗೆ ಮನಸ್ಸಿಲ್ಲ" ಅನ್ನುತ್ತೇವೆ. ಭಾವನೆ ಬರುತ್ತದೆ, ಹೋಗುತ್ತದೆ, ನಾವೇ ಅದಾಗುವುದಿಲ್ಲ. ಅವರೂ ಹಾಗೆ. "ತೋ ಕೊಂ ಪ್ರೆಗೀಸ" ಅಂದರೆ ಸೋಮಾರಿತನ ಜೊತೆಗಿದೆ. "ತೋ ಸೇಂ ವೊಂತಾಜಿ" ಅಂದರೆ ಮನಸ್ಸು ಜೊತೆಗಿಲ್ಲ. "ತೋ ಸೇಂ ಪೀಕಿ" ಅಂದರೆ ಹುರುಪಿಲ್ಲ. 'ಕೊಂ' ಹಾಕಿದರೆ ಇದೆ, 'ಸೇಂ' ಹಾಕಿದರೆ ಇಲ್ಲ. ಇಷ್ಟೇ. ಪ್ರೆಗೀಸ ಅನ್ನುವುದು ಮರಕ್ಕೆ ಜೋತುಬಿದ್ದು ನಿಧಾನಕ್ಕೆ ಚಲಿಸುವ ಸ್ಲಾತ್ ಪ್ರಾಣಿಯ ಹೆಸರೂ ಹೌದು. ಬ್ರೆಜಿಲ್‌ನ ಕಾಡುಗಳಲ್ಲಿ ಅದು ಇದೆ. ಸೋಮವಾರ ಬೆಳಿಗ್ಗೆ ನಮ್ಮ ಚಾಟ್ ಗುಂಪಿನಲ್ಲೂ ಅದರ ಸ್ಟಿಕರ್‌ಗಳು ಕಾಣಿಸಿಕೊಳ್ಳುತ್ತವೆ. ಶುಕ್ರವಾರ ಮಧ್ಯಾಹ್ನ ಅದೇ ಗುಂಪಿನಲ್ಲಿ "ಸೆಸ್ತೋ!" ಅಂತ ಬರುತ್ತದೆ. ಪೋರ್ಚುಗೀಸಿನಲ್ಲಿ ಶುಕ್ರವಾರ ಅಂದರೆ 'ಆರನೆಯದು', ಸೆಸ್ತ. ಅದನ್ನೇ ಕ್ರಿಯಾಪದ ಮಾಡಿಬಿಟ್ಟಿದ್ದಾರೆ. ಶುಕ್ರವಾರಿಸಿತು!

ಯಾರ ಎದುರು ಏನು ಹೇಳಬಹುದು ಅನ್ನುವುದೇ ಈ ವಿಷಯದಲ್ಲಿ ಅರ್ಧ ಪಾಠ. ಬಾಸ್ ಜೊತೆ "ತೋ ಸೇಂ ವೊಂತಾಜಿ" ಅಂದರೆ ಕಟುವಾಗುತ್ತದೆ. ಅಲ್ಲಿ "ತೋ ಉಂ ಪೊಕೀನ್ಯು ದೆಜ಼ನಿಮಾದ" ಅನ್ನುವುದು ಲೇಸು. ಪೋಕು ಅಂದರೆ ಸ್ವಲ್ಪ, ಪೊಕೀನ್ಯು ಅಂದರೆ ಚೂರೇ ಚೂರು. ಅವರ ಭಾಷೆಯಲ್ಲಿ ಈ 'ಈನ್ಯು' ಬಾಲ ಹಚ್ಚಿದರೆ ಎಂಥ ಮಾತೂ ಮೆತ್ತಗಾಗುತ್ತದೆ. ನನ್ನ ಟೀಚರ್ ಮಿನಾಸ್ ಜೆರಾಯ್ಸ್ ರಾಜ್ಯದವರು. ಅಲ್ಲಿನವರು ಇದನ್ನು ಎಲ್ಲದಕ್ಕೂ ಹಚ್ಚುತ್ತಾರೆ, ಹಚ್ಚಿ ಪದದ ಕೊನೆಯನ್ನು ನುಂಗುತ್ತಾರೆ. ಅವರ ಪೊಕೀನ್ಯು ನನ್ನ ಕಿವಿಗೆ 'ಪೊಕಿಂ' ಅಂತ ಬೀಳುತ್ತದೆ. ಬೇಕು ಅನ್ನುವುದನ್ನು ಹೇಳುವಾಗಲೂ ಅಷ್ಟೇ. "ಕೇರು" ಅಂದರೆ ನನಗೆ ಬೇಕು, ನೇರ. "ಕೆರೀಯ" ಅಂದರೆ ಬೇಕಿತ್ತು. ಬಡ್ತಿ, ರಜೆ, ಬೇರೆ ಕೆಲಸ ಏನೇ ಕೇಳುವುದಿದ್ದರೂ ಬೇಕಿತ್ತು ಅನ್ನುವುದೇ ರೂಢಿ. ನಾವೂ "ಸಾರ್, ಒಂದು ದಿನ ರಜೆ ಬೇಕಿತ್ತು" ಅನ್ನುತ್ತೇವೆ. ಹಾಗಾಗಿ ನನಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ.

ಕೆಲಸ ಮಿತಿ ಮೀರಿದಾಗ ಹೇಳುವ ಮಾತು ಬೇರೆ. ಅದನ್ನು ಬೇಸರದ ಜೊತೆ ಬೆರೆಸಬಾರದು. "ತೋ ಸೋಬ್ರಿಕಹೆಗಾದ" ಅಂದರೆ ಹೊರಲಾರದಷ್ಟು ಹೇರಿದ್ದಾರೆ. "ನಾಂವ್ ತೋ ದಾಂದು ಕೋಂತ" ಅಂದರೆ ನನ್ನಿಂದ ನಿಭಾಯಿಸಲಿಕ್ಕೆ ಆಗ್ತಿಲ್ಲ. ಈ ಎರಡನ್ನು ಕೇಳಿದ ಲೀಡ್ ಹುರಿದುಂಬಿಸುವ ಭಾಷಣಕ್ಕೆ ಹೋಗಬಾರದು, ಕೆಲಸ ಕಡಿಮೆ ಮಾಡಬೇಕು. ಕೆಲಸದ ಒತ್ತಡದಲ್ಲಿ ಪೂರ್ತಿ ಬಳಲಿಹೋಗುವುದಕ್ಕೆ ಬರ್ನ್‌ಔಟ್ ಅನ್ನುವ ಪದವನ್ನು ಅವರು ಇಂಗ್ಲಿಷಿನಿಂದಲೇ ತೆಗೆದುಕೊಂಡಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ರೋಗಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಅದರಲ್ಲಿ ಬರ್ನ್‌ಔಟ್ ಇರುವುದು ಕೆಲಸಕ್ಕೆ ಸಂಬಂಧಪಟ್ಟ ಸಂಗತಿಯಾಗಿ, ಕಾಯಿಲೆಯಾಗಿ ಅಲ್ಲ. ಸಹೋದ್ಯೋಗಿಗಳು ಯಾರಾದರೂ ಆ ಪದ ಬಳಸಿದರೆ ನಾನು ಅದನ್ನು ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನು ಜೊತೆಗಾರರ ನಡುವೆ ಮಾತ್ರ ಆಡುವ ಮಾತು: "ತೋ ಜಿ ಸಾಕು ಶೇಯು." ಚೀಲ ತುಂಬಿದೆ ಅಂತ. ಸ್ವಲ್ಪ ಒರಟು, ಆ ಚೀಲ ಯಾವುದು ಅಂತ ಟೀಚರ್ ಹೇಳುವಾಗ ನಕ್ಕರು, ನಾನು ಇಲ್ಲಿ ಬಿಡಿಸಿ ಹೇಳಲ್ಲ. ಕನ್ನಡದವರಿಗೆ ಇದನ್ನು ನೆನಪಿಡುವುದು ಕಷ್ಟವೇ ಅಲ್ಲ. ಸಾಕು ಸಾಕಾಗಿದೆ ಅಂತಲೇ ತಿಳಿದುಕೊಳ್ಳಿ. ಎರಡೂ ಭಾಷೆಯ ಸಾಕುಗಳಿಗೆ ಸಂಬಂಧ ಇಲ್ಲ, ಆದರೂ ಅರ್ಥ ಕೂಡಿಬರುತ್ತದೆ.

ಕಂಪನಿಗಳು ಇಷ್ಟಪಡುವ ಮಾತುಗಳೂ ಬೇಕಾದಷ್ಟಿವೆ. ಅವನ್ನು ಕಲಿಯಲೇಬೇಕು, ಯಾಕೆಂದರೆ ಮೇಲಿನವರ ಇಮೇಲ್‌ಗಳಲ್ಲಿ ಬರುತ್ತಲೇ ಇರುತ್ತವೆ. "ವೆಸ್ಚಿರ್ ಅ ಕಮೀಜ಼", ಅಂಗಿ ತೊಡುವುದು. ಫುಟ್‌ಬಾಲ್ ಆಟಗಾರ ತಂಡದ ಅಂಗಿ ತೊಟ್ಟ ಹಾಗೆ ಕಂಪನಿಯನ್ನು ತನ್ನದು ಅಂದುಕೊಂಡು ದುಡಿಯುವುದು. "ಸುವಾರ್ ಅ ಕಮೀಜ಼", ಆ ಅಂಗಿಯನ್ನು ಬೆವರಿನಲ್ಲಿ ನೆನೆಸುವುದು. "ಅಹೆಗಸಾರ್ ಅಸ್ ಮಾಂಗಸ್", ತೋಳು ಮಡಚುವುದು, ನಾವು ಟೊಂಕ ಕಟ್ಟುವುದು ಅನ್ನುತ್ತೇವಲ್ಲ ಅದು. ಮಾಂಗ ಅಂದರೆ ಅಂಗಿಯ ತೋಳು, ಮಾವಿನ ಹಣ್ಣಿಗೂ ಅದೇ ಪದ. ಹಣ್ಣಿನ ಹೆಸರು ನಮ್ಮ ದಕ್ಷಿಣದ ಭಾಷೆಗಳಿಂದಲೇ ಅವರಿಗೆ ಹೋದದ್ದು. "ಮತಾರ್ ಉಂ ಲೆಯಾಂವ್ ಪೋರ್ ಜಿಯ", ದಿನಕ್ಕೊಂದು ಸಿಂಹ ಹೊಡೆಯುವುದು. ಬ್ರೆಜಿಲ್ ಕಾಡಿನಲ್ಲಿ ಸಿಂಹ ಇಲ್ಲ, ಇರುವುದು ಜಾಗ್ವಾರ್. ಅಲ್ಲಿ ಲೆಯಾಂವ್ ಅಂದರೆ ಆದಾಯ ತೆರಿಗೆಯವರಿಗೆ ಇಟ್ಟ ಅಡ್ಡಹೆಸರು ಕೂಡ. ಯಾವ ಸಿಂಹವನ್ನು ಹೊಡೆಯುತ್ತಾರೋ!

ಈ ಅಂಗಿಯ ಮಾತಿನ ಬಗ್ಗೆ ನನ್ನದೊಂದು ತಕರಾರಿದೆ. ಮೇಲಿನವರು ಅದನ್ನು ಹೇಳುವುದು ಸಾಮಾನ್ಯವಾಗಿ ಓವರ್‌ಟೈಮ್ ಬೇಕಾದಾಗ. ಹಾಗಾಗಿ ಕೆಳಗಿನವರ ಬಾಯಲ್ಲಿ ಅದು ಅಣಕದ ಮಾತಾಗಿದೆ. "ಅಂಗಿ ತೊಡಬೇಕಂತೆ" ಅಂತ ಚಾಟ್‌ನಲ್ಲಿ ಯಾರಾದರೂ ಬರೆದರೆ ಸಾಲಾಗಿ ನಗುವ ಮುಖಗಳು ಬೀಳುತ್ತವೆ. ನಾನು ಲೀಡ್ ಆಗಿ ಈ ಮಾತನ್ನು ಅರ್ಥ ಮಾಡಿಕೊಳ್ಳುತ್ತೇನೆ, ಆಡುವುದಿಲ್ಲ. ಹೊರಗಿನಿಂದ ಬಂದ ಬಾಸ್ ಮುರುಕು ಪೋರ್ಚುಗೀಸಿನಲ್ಲಿ ಅಂಗಿ ತೊಡಿ ಅಂದರೆ ಅದಕ್ಕಿಂತ ನಗೆಪಾಟಲು ಇನ್ನೊಂದಿಲ್ಲ.

ಕೆಲಸಗಳ್ಳತನಕ್ಕಂತೂ ಅವರ ಮಾತುಗಳು ನಮಗೆ ತೀರಾ ಪರಿಚಿತ. "ಫಜ಼ೇರ್ ಕೋರ್ಪು ಮೋಲಿ" ಅಂದರೆ ಮೈ ಮೆತ್ತಗೆ ಮಾಡಿಕೊಳ್ಳುವುದು. ನಮ್ಮ ಮೈಗಳ್ಳ ಮೈಯನ್ನು ಕದಿಯುತ್ತಾನೆ, ಅವರವನು ಮೆತ್ತಗೆ ಮಾಡುತ್ತಾನೆ. "ಎಂಪುಹಾರ್ ಕೊಂ ಅ ಬಹೀಗ" ಅಂದರೆ ಹೊಟ್ಟೆಯಿಂದ ತಳ್ಳುವುದು. ಕೈಯಲ್ಲಿ ಮುಟ್ಟಲಿಕ್ಕೂ ಬೇಸರ, ಸುಮ್ನೆ ಹೊಟ್ಟೆಯಲ್ಲಿ ನೂಕುತ್ತಾ ಮುಂದಕ್ಕೆ ಹಾಕುವುದು. ಇದನ್ನು ಬೇರೆಯವರ ಬಗ್ಗೆ ಹೇಳಿದರೆ ಜಗಳ, ತನ್ನ ಬಗ್ಗೆ ಹೇಳಿಕೊಂಡರೆ ನಗು. ನಾನು ನನ್ನ ವರದಿಗಳ ಬಗ್ಗೆ ಹೇಳಿಕೊಳ್ಳುತ್ತೇನೆ. "ತೋ ಎಂಪುಹಾಂದು ಕೊಂ ಅ ಬಹೀಗ" ಅಂದ ಮೇಲೆ ಅವರೂ ತಮ್ಮ ತಮ್ಮ ಹೊಟ್ಟೆಯ ಕೆಲಸಗಳನ್ನು ಹೇಳಲು ಶುರು ಮಾಡುತ್ತಾರೆ.

ಹಣದ ಮಾತಿಲ್ಲದೆ ಮೋಟಿವೇಷನ್ ಮಾತು ಮುಗಿಯುತ್ತದೆಯೇ? "ಉ ಕಿ ಚಿ ಮೊಚೀವ?" ನಿನಗೆ ಹುರುಪು ಕೊಡುವುದೇನು? ಅಂತ ತಂಡದಲ್ಲಿ ಕೇಳಿದರೆ ಯಾರಾದರೂ ಒಬ್ಬರು "ಉಸ್ ಬೊಲೇತುಸ್" ಅಂದೇ ಅನ್ನುತ್ತಾರೆ. ಬೊಲೇತು ಅಂದರೆ ಬಾರ್‌ಕೋಡ್ ಇರುವ ಪಾವತಿ ಚೀಟಿ. ಬಾಡಿಗೆ, ಕಾಲೇಜು ಫೀಸು, ಕಂತು, ಏನೇನೋ ಅದರಲ್ಲಿ ಬರುತ್ತದೆ. ನನ್ನನ್ನು ಎಬ್ಬಿಸುವುದು ಬಿಲ್ಲುಗಳು ಅನ್ನುವ ಈ ಜೋಕು ಅಲ್ಲಿ ಎಷ್ಟು ಹಳಸಿದರೂ ಓಡುತ್ತಲೇ ಇದೆ. ಪಗಾರಕ್ಕೆ ಅವರ ಪದ ಸಲಾರಿಯು. ಆದರೆ ನಮ್ಮ ಪಗಾರವೇ ಅವರದು. ಪಗಾರ್ ಅಂದರೆ ಪೋರ್ಚುಗೀಸಿನಲ್ಲಿ ಹಣ ಕೊಡುವುದು. ಚಾವಿಯ ಜೊತೆ ಹಡಗಿನಲ್ಲಿ ಬಂದ ಪದ. ಇದನ್ನು ತಂಡಕ್ಕೆ ಹೇಳಿದ ದಿನ ಅವರಿಗೆ ನನ್ನ ಭಾಷೆಯ ಬಗ್ಗೆ ಮೊದಲ ಸಲ ಕುತೂಹಲ ಬಂತು.

ಹಣದ ಮಾತಿಗೆ ಕಾಯ್ದೆಯೂ ಸ್ವಲ್ಪ ಗೊತ್ತಿರಬೇಕು, ಇಲ್ಲದಿದ್ದರೆ ಮಾತು ತಲೆಯ ಮೇಲೆ ಹಾರಿಹೋಗುತ್ತದೆ. ಬ್ರೆಜಿಲ್‌ನ ಅಧ್ಯಕ್ಷರಾಗಿದ್ದ ಜೆತೂಲಿಯು ವಾರ್ಗಸ್ ಕಾಲದಲ್ಲಿ, 1943ರ ಮೇ 1ರಂದು ಬಂದ ಕಾರ್ಮಿಕ ಕಾಯ್ದೆಯನ್ನು ಅಲ್ಲಿನವರು ಸೆ-ಎಲಿ-ತೆ (ಸಿಎಲ್‌ಟಿ) ಅನ್ನುತ್ತಾರೆ. ಅದರ ಪ್ರಕಾರ ನೌಕರಿಯಲ್ಲಿರುವವರು ಸೆಲೆಚೀಸ್ತ. ಅವರಿಗೆ 1962ರ ಕಾನೂನಿನಂತೆ ವರ್ಷಕ್ಕೆ ಒಂದು ಸಂಬಳ ಹೆಚ್ಚು. ಹೆಸರೇ ಹದಿಮೂರನೆಯದು, "ದೆಸಿಮು ತೆರ್ಸೇರು". ಸಾಮಾನ್ಯವಾಗಿ ಮೊದಲ ಕಂತು ನವೆಂಬರ್ 30ರೊಳಗೆ, ಎರಡನೆಯದು ಡಿಸೆಂಬರ್ 20ರೊಳಗೆ ಬರಬೇಕು. ವರ್ಷ ದುಡಿದವರಿಗೆ 30 ದಿನ ರಜೆ. 1988ರ ಸಂವಿಧಾನದಂತೆ ಆ ರಜೆಯ ಸಂಬಳದ ಮೇಲೆ ಮೂರನೇ ಒಂದು ಭಾಗ ಇನ್ನೂ ಜಾಸ್ತಿ. ರಜೆಗೆ ಹೋಗುವವರಿಗೆ ಹೆಚ್ಚು ದುಡ್ಡು! ರಜೆಯ ಮೂರನೇ ಒಂದು ಭಾಗವನ್ನು ಕಂಪನಿಗೆ ಮಾರಲೂಬಹುದು. ಲಾಭದ ಪಾಲಿಗೆ ಪಿಎಲ್‌ಆರ್ ಅನ್ನುತ್ತಾರೆ, ಅದಕ್ಕೆ 2000ನೇ ಇಸವಿಯ ಕಾನೂನಿದೆ. ಇದೇ ತಂಡದಲ್ಲಿ ಕೆಲವರು ಪೇ-ಜೋತ (ಪಿಜೆ), ಅಂದರೆ ತಮ್ಮದೇ ಸಣ್ಣ ಕಂಪನಿ ತೆರೆದು ಬಿಲ್ ಕಳಿಸಿ ದುಡಿಯುವವರು. ಅವರಿಗೆ ಈ ಕಾನೂನಿನ ಹದಿಮೂರನೆಯದೂ ಇಲ್ಲ, ರಜೆಯೂ ಇಲ್ಲ. ನವೆಂಬರ್ ಕೊನೆಯಲ್ಲಿ ಗುಂಪಿನಲ್ಲಿ ಎಲ್ಲರನ್ನೂ ಕೂರಿಸಿ ಹದಿಮೂರನೆಯದರ ಖುಷಿ ಮಾತಾಡಬಾರದು ಅನ್ನುವುದು ಇದರಿಂದಲೇ. ಪೇ-ಜೋತಗಳನ್ನು ಬೇರೆಯಾಗಿ ಕರೆದು ಮಾತಾಡುವುದು ಸರಿ.

ಹೊಗಳುವ ಮಾತು ಸುಲಭ. "ಮಾಂದೋ ಬೇಂ!" ಚೆನ್ನಾಗಿ ಮಾಡಿದೆ. "ಅಹಜ಼ೋ!" ಧೂಳೆಬ್ಬಿಸಿಬಿಟ್ಟೆ. ಇವು ಚಾಟ್‌ಗೆ ಸರಿ, ಬರೆದ ಮೇಲೆ ಮರೆತುಹೋಗುತ್ತವೆ. ಉಳಿಯುವುದು "ಗೊಸ್ತೇ ಮುಂಯ್ತು ಜಿ ಕೋಮು ವೊಸೇ..." ಅಂತ ಶುರುವಾಗುವುದು. ನೀನು ಇಂಥದ್ದನ್ನು ಮಾಡಿದ ರೀತಿ ನನಗೆ ತುಂಬಾ ಹಿಡಿಸಿತು ಅಂತ. ಇದರಲ್ಲಿ ತೊಂದರೆ ಏನೆಂದರೆ ವಾಕ್ಯವನ್ನು ಮುಗಿಸಬೇಕು. ಏನು ಹಿಡಿಸಿತು ಅಂತ ಹೇಳಬೇಕು. ಅದಕ್ಕೆ ಅವರ ಕೆಲಸವನ್ನು ನಾನು ಓದಿರಬೇಕು, ಆ ಕ್ರಿಯಾಪದಗಳು ನನಗೆ ಬರಬೇಕು. ಗ್ರಾಹಕನನ್ನು ಸಮಾಧಾನ ಮಾಡಿದೆ, ಲಾಗ್ ಹುಡುಕಿದೆ, ಹೊಸಬನಿಗೆ ಕಲಿಸಿದೆ ಅನ್ನುವಂಥವು. ಮೋಟಿವೇಷನ್ ಪಾಠದಲ್ಲಿ ಇವೆಲ್ಲ ಇರುವುದಿಲ್ಲ. ನಾನು ಮೀಟಿಂಗಿಗೆ ಮುಂಚೆ ಒಂದೊಂದೇ ಹುಡುಕಿ ಬರೆದುಕೊಳ್ಳುತ್ತೇನೆ. ಕೊನೆಗೆ "ತಾಮು ಜುಂತು" ಸೇರಿಸಿದರೆ ಆಯಿತು. ಜೊತೆಗಿದ್ದೇವೆ ಅಂತ. ವ್ಯಾಕರಣದ ಮೇಷ್ಟ್ರುಗಳಿಗೆ ಇದು ಮೆಚ್ಚುಗೆಯಾಗದು, ಬಹುವಚನ ಅರ್ಧ ಬಿದ್ದುಹೋಗಿದೆ. ಆದರೂ ಎಲ್ಲರೂ ಹೇಳುವುದು ಹಾಗೇ.

ಈಗ ನಮ್ಮ ಕಂಪನಿಗೆ ಲಿಸ್ಬನ್‌ನಲ್ಲಿ ಗ್ರಾಹಕರು ಸಿಕ್ಕಿದ್ದಾರೆ. ನಾನು ಪೋರ್ಚುಗಲ್ಲಿನ ಪೋರ್ಚುಗೀಸನ್ನೂ ನೋಡಲು ಶುರು ಮಾಡಿದ್ದೇನೆ. ತಂಡಕ್ಕೆ ಬ್ರೆಜಿಲ್‌ನವರು ಎಕೀಪಿ ಅಂದರೆ ಅವರು ಎಕೀಪ ಅನ್ನುತ್ತಾರೆ. ಬ್ರೆಜಿಲ್‌ನವರು "ತೋ ತ್ರಬಲ್ಯಾಂದು" ಅಂದರೆ ಅವರು "ಎಶ್ತೋ ಅ ತ್ರಬಲ್ಯಾರ್" ಅನ್ನುತ್ತಾರೆ. ಮೊಚಿವಾದ ಅನ್ನುವ 'ಚಿ' ಅಲ್ಲಿ ತಿರುಗಿ 'ತಿ' ಆಗುತ್ತದೆ, ಸ್ವರಗಳು ಅರ್ಧಕ್ಕರ್ಧ ಮಾಯವಾಗುತ್ತವೆ. ಕ್ರಿಸ್‌ಮಸ್ ಸಂಬಳಕ್ಕೆ ಹದಿಮೂರನೆಯದು ಅನ್ನುವ ಬದಲು ಕ್ರಿಸ್‌ಮಸ್ ಭತ್ಯೆ ಅನ್ನುತ್ತಾರೆ. ಅಂಗಿ ತೊಡುವ ಮಾತು ಅಲ್ಲೂ ಇದೆ, ಆದರೆ ಪೋರ್ಚುಗಲ್ಲಿನಲ್ಲಿ ಆಟಗಾರ ತೊಡುವುದಕ್ಕೆ ಕಮಿಜ಼ೋಲ ಅಂತ ಹೆಸರು. ಬ್ರೆಜಿಲ್‌ನಲ್ಲಿ ಕಮಿಜ಼ೋಲ ಅಂದರೆ ಹೆಂಗಸರು ರಾತ್ರಿ ಮಲಗುವಾಗ ಹಾಕಿಕೊಳ್ಳುವ ನೈಟಿ. ಲಿಸ್ಬನ್‌ನವರು ನಮ್ಮೆಲ್ಲರಿಗೂ ಕಂಪನಿಯ ಕಮಿಜ಼ೋಲ ತೊಡಿ ಅಂತ ಇಮೇಲ್ ಕಳಿಸುವ ದಿನಕ್ಕೆ ಕಂಪೀನಸ್ ತಂಡ ಈಗಾಗಲೇ ಸ್ಟಿಕರ್ ತಯಾರು ಮಾಡಿಟ್ಟುಕೊಂಡಿದೆ.